ಎರಡೇ ಎಸಳು

“ಕೈ ಎತ್ತು ಮಗಾ, ನೆರಿಗೆ ಸಿಗಿಸ್ಬೇಕು,” ಎಂದು ಪಿಳ್ಳಮ್ಮ ಬಿಂದುಶ್ರೀಯ ಸೊಂಟಕ್ಕೆ ಅರಿಸಿನ ಬಣ್ಣದ ಸೀರೆ ಸುತ್ತುತ್ತಿದ್ದಾಗ ಯಮುನಾ ಒಳಗೆ ನುಗ್ಗಿ ಸೆರಗು ಹಿಡಿದೆಳೆದಳು. ಅರ್ಧ ಸೀರೆ ನೆಲಕ್ಕೆ ಬಿತ್ತು.

“ನಿಮ್ಮತ್ತೆ ಹೆಣ ಅಂಗಳದಲ್ಲೈತೆ. ಏನಮ್ಮಿ ನಿನ್ನ ರಂಪ?” ಪಿಳ್ಳಮ್ಮ ಯಮುನಾಳ ಮಾವ ದಾಸಪ್ಪನ ತಂಗಿ. ಸಾವಿನ ಮನೆಯ ಯಜಮಾನಿಕೆಯನ್ನು ಬೆಳಿಗ್ಗೆಯೇ ವಹಿಸಿಕೊಂಡಿದ್ದಳು.

“ನನ್ನ ಮಗಳು ಆರತಿ ಹೊರಲ್ಲ. ಈ ಬಿಸಿಲಲ್ಲಿ ಕೆರೆ ಏರಿ ಹತ್ತೋ ಹಾಗೇ ಇಲ್ಲ ಅವಳು.”

“ಅಯ್ಯೋ ಶಿವನೇ! ತಾಯೇ ಆರಿಸ್ಕೊಂಡವ್ಳೆ, ಬ್ಯಾಡ ಅನ್ನಕ್ಕೆ ನೀನ್ಯಾರು?”

ಸತ್ತ ಅತ್ತೆ ಚಿಕ್ಕಮುನಿಯಮ್ಮನ ಮೈಮೇಲೆ ಮುತ್ಯಾಲಮ್ಮ ಬರುತ್ತಾಳೆಂದು ವರ್ತೂರಿನ ಹಳೆಯ ಮನೆಗಳವರೆಲ್ಲ ನಂಬಿದ್ದರು. ಅಪಾರ್ಟ್‌ಮೆಂಟಿನವರೂ ಕಾರಿನಲ್ಲಿ ಬಂದು ಹೇಳಿಕೆ ಕೇಳಿಕೊಂಡು ಹೋಗುತ್ತಿದ್ದರು. ಅಂಥ ಹೆಂಗಸು ಸತ್ತರೆ ಮಣ್ಣು ಮಾಡುವ ಮೊದಲು ದೇವರನ್ನು ಇನ್ನೊಂದು ತಲೆಗೆ ದಾಟಿಸಬೇಕು. ಮನೆಯ ಹೆಣ್ಣೊಬ್ಬಳು ಅವಳ ಸೀರೆ ಉಟ್ಟು, ತಂಬಿಟ್ಟಿನ ಆರತಿ ಹೊತ್ತು ಹೆಣದ ಮುಂದೆ ನಡೆಯಬೇಕು. ಬಿಂದುಶ್ರೀಗೆ ಹದಿನಾಲ್ಕು ವರ್ಷ. ಹೋದ ತಿಂಗಳು ಶಾಲೆಯಲ್ಲಿ ಖೋಖೋ ಆಡುವಾಗ ಕಣ್ಣು ಕತ್ತಲೆ ಬಂದು ಕೂತುಬಿಟ್ಟಿದ್ದಳು. ಅಜ್ಜಿ ಅದನ್ನೇ ಊರಿಗೆಲ್ಲ ಸಾರಿಕೊಂಡು ಬಂದಿದ್ದಳು: “ತಾಯಿ ನನ್ನ ಮೊಮ್ಮಗಳ್ನ ಹುಡುಕ್ಕೊಂಡು ಬಂದವ್ಳೆ.”

ಆ ಅಜ್ಜಿ ಸತ್ತದ್ದಾದರೂ ಹೇಗೆ! ನಿನ್ನೆ ಮಂಗಳವಾರ ಗುಡಿಯ ಮೆಟ್ಟಿಲು ಹತ್ತಿದವಳು ಬಾಗಿಲಲ್ಲೇ ಕುಸಿದಳು. ದೇವರು ಬಂದಾಗ ಮುಟ್ಟಬಾರದಲ್ಲ, ಯಾರೂ ಮುಟ್ಟಲಿಲ್ಲ. ಸುತ್ತ ನಿಂತು ಕರ್ಪೂರ ಹಚ್ಚಿದರು. ಮಕ್ಕಳಿಲ್ಲದವರು ಪಾದಕ್ಕೆ ಕುಂಕುಮ ಸುರಿದರು. ಒಬ್ಬ ಮಹಾರಾಯ ತನ್ನ ಸೈಟಿನ ವ್ಯಾಜ್ಯ ಯಾವಾಗ ಮುಗಿಯುತ್ತದೆಂದು ಕೇಳಿದ. ಸುದ್ದಿ ತಿಳಿದು ಯಮುನಾ ಓಡಿ ಬಂದು ಕೈ ಹಿಡಿದಾಗ ಅದು ತಣ್ಣಗಾಗಿತ್ತು. ಹಾಳಾದವರು ಹೆಣಕ್ಕೆ ಮಂಗಳಾರತಿ ಎತ್ತುತ್ತಿದ್ದರು.

*

ಸಂಕ್ರಾಂತಿ ಕಳೆದ ಮೇಲೆ ಚಿಕ್ಕಮುನಿಯಮ್ಮನಿಗೆ ಹಿತ್ತಲಿಗೆ ಹೋಗಿ ಬಂದರೂ ಏದುಸಿರು ಶುರುವಾಗಿತ್ತು. ಯಮುನಾ ಯಾರಿಗೂ ಹೇಳದೆ ವೈಟ್‌ಫೀಲ್ಡ್ ಕಡೆಯ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಹೃದಯದ ಎಕೋ ಸ್ಕ್ಯಾನ್ ಮಾಡಿಸಿ, ಪರದೆಯ ಮೇಲೆ ತೋರಿಸಿದರು.

“ಹೃದಯದಿಂದ ಮೈಗೆಲ್ಲ ರಕ್ತ ಹೊರಡೋ ಕಡೆ ಒಂದು ಕವಾಟ ಇರತ್ತೆ ಅಮ್ಮ. ಸಾಮಾನ್ಯವಾಗಿ ಅದಕ್ಕೆ ಮೂರು ಎಸಳು. ನಿಮಗೆ ಹುಟ್ಟಿದಾಗಿಂದ ಎರಡೇ. ಬೋರ್‌ವೆಲ್ ನೀರಿನ ನಲ್ಲೀಲಿ ಸುಣ್ಣ ಕಟ್ಟಲ್ವಾ, ಹಾಗೆ ಕಟ್ಟಿ ಎಸಳು ಗಟ್ಟಿಯಾಗಿಬಿಟ್ಟಿದೆ. ಸರಿಯಾಗಿ ತೆರೀತಿಲ್ಲ. ಮೆಟ್ಟಿಲು ಹತ್ತಿದಾಗ, ಭಾರ ಹೊತ್ತಾಗ ತಲೆಗೆ ಸಾಕಷ್ಟು ರಕ್ತ ಹೋಗಲ್ಲ, ಪ್ರಜ್ಞೆ ತಪ್ಪತ್ತೆ. ಯಾವತ್ತಾದ್ರೂ ಬಿದ್ದಿದ್ರಾ?”

ಚಿಕ್ಕಮುನಿಯಮ್ಮ ಸೆರಗು ಹೊದ್ದುಕೊಂಡು ಎದ್ದು ಕೂತಳು. ಆಪರೇಷನ್ ಮಾಡಿ ಕವಾಟ ಬದಲಿಸಬೇಕು, ತಡ ಮಾಡಿದರೆ ಜೀವಕ್ಕೆ ಅಪಾಯ ಎಂದರು ಡಾಕ್ಟರಮ್ಮ. ಇದು ವಂಶದಲ್ಲಿ ಬರುವುದುಂಟು, ಮಗನಿಗೂ ಮೊಮ್ಮಗಳಿಗೂ ಒಮ್ಮೆ ಎಕೋ ಮಾಡಿಸಿ ಎಂದೂ ಹೇಳಿದರು.

ಹೊರಗೆ ಬೆಂಚಿನ ಮೇಲೆ ಕೂತು ಅತ್ತೆ ಸೊಸೆಯ ಕೈ ಹಿಡಿದುಕೊಂಡಳು.

“ನಿಮ್ಮಾವ ನನ್ನ ಎಂಗೆ ಬಡೀತಿದ್ದ ಗೊತ್ತೇನಮ್ಮಿ? ಸೌದೆ, ಚಪ್ಲಿ, ಕೈಗೆ ಸಿಕ್ಕಿದ್ರಲ್ಲಿ. ಮದ್ವೆ ಆದ ವರ್ಸ ಉಪಾಸ ಇದ್ದು ಆರ್ತಿ ಹೊತ್ತೋಳು ತಲೆ ತಿರುಗಿ ಬಿದ್ದೋದೆ. ಕಣ್ಬಿಟ್ರೆ ಊರೋರೆಲ್ಲ ಕಾಲಿಗೆ ಬಿದ್ದವ್ರೆ. ನಿಮ್ಮಾವನೂ ಬಿದ್ದವ್ನೆ. ನಾನ್ಯಾಕವ್ವಾ ಇಲ್ಲ ಅನ್ಲಿ?”

“ಆಮೇಲೆ?”

“ಆಮ್ಯಾಕೆ ನಾನೇ ಬೀಳ್ತಿದ್ದೆ. ಈಗೀಗ ಅದೇ ತಾನಾಗಿ ಬೀಳಿಸ್ತೈತೆ.” ಮುದುಕಿ ನಕ್ಕಳು. ನಕ್ಕಿದ್ದಕ್ಕೇ ಉಸಿರು ಕಟ್ಟಿತು. ಸುಧಾರಿಸಿಕೊಂಡು ಯಮುನಾಳ ಕೈಯನ್ನು ತನ್ನ ತಾಳಿಯ ಮೇಲೆ ಇರಿಸಿಕೊಂಡಳು. “ನಾನಿರೋಗಂಟ ಇದು ಕಾಯ್ಲೆ ಅಂತ ಯಾರ್ಗೂ ಹೇಳ್ಬ್ಯಾಡ. ಹೇಳಿದ್ರೆ ನಾಳೇನೇ ಅವನ ಕೈ ಮೇಲೇಳ್ತೈತೆ.”

ಯಮುನಾ ಆಣೆ ಮಾಡಿದಳು. ಅತ್ತೆಯ ಕಾಯಿಲೆ ಹೇಳದೆ ಮಗಳ ಎದೆಯನ್ನು ಡಾಕ್ಟರಿಗೆ ತೋರಿಸಲು ಯಾವ ನೆಪ ಹೇಳುವುದು? ನಾಳೆ ನಾಡಿದ್ದು ಎಂದು ಮುಂದೂಡುತ್ತ ಬಂದಿದ್ದಳು. ಮಗಳು ಖೋಖೋದಲ್ಲಿ ಕುಸಿದು ಕೂತ ದಿನದಿಂದ ರಾತ್ರಿಯೆಲ್ಲ ಅವಳ ಉಸಿರು ಎಣಿಸುತ್ತಿದ್ದಳು.

*

ಅತ್ತೆಯೇ ಹೋದ ಮೇಲೆ ಇನ್ನು ಯಾರ ಆಣೆ? ಯಮುನಾ ನೇರ ಅಂಗಳಕ್ಕೆ ಬಂದು, ಹೂವಿನ ಚಟ್ಟದ ಪಕ್ಕ ಕೂತಿದ್ದ ದಾಸಪ್ಪನಿಗೂ ಗಂಡ ಶಿವಶಂಕರನಿಗೂ ಎಲ್ಲರ ಎದುರೇ ಹೇಳಿಬಿಟ್ಟಳು: ಎರಡೇ ಎಸಳಿದ್ದದ್ದು, ಸುಣ್ಣ ಕಟ್ಟಿದ್ದು, ಮೊಮ್ಮಗಳಿಗೂ ಇರಬಹುದೆಂದು ಡಾಕ್ಟರಮ್ಮ ಹೇಳಿದ್ದು.

ದಾಸಪ್ಪ ಎದ್ದು ನಿಂತ. “ಒಂದಿನ ಆಗಿಲ್ಲ ಅವಳು ಸತ್ತು, ದೇವ್ರುನ್ನ ಕಾಯ್ಲೆ ಮಾಡ್ಬಿಟ್ಯಾ? ಅಂಗಾದ್ರೆ ಇಷ್ಟು ವರ್ಸ ನಾನು ಕೈ ಮುಗಿದಿದ್ದು ಯಾರಿಗೆ?”

“ಹೆಂಡ್ತಿಗೆ ಮುಗಿದ್ರಿ ಮಾವ. ಏನು, ಸವೆದೋಯ್ತಾ ನಿಮ್ಮ ಕೈ?”

ಅಂಗಳದಲ್ಲಿ ಗುಸುಗುಸು ಎದ್ದಿತು. ಶಿವಶಂಕರ ಹೆಂಡತಿಯ ರಟ್ಟೆ ಹಿಡಿದು ಪಕ್ಕಕ್ಕೆಳೆದ. “ಜನ ನೋಡ್ತಾವ್ರೆ ಕಣೇ. ಸೋಮವಾರ ಸ್ಕ್ಯಾನ್ ಮಾಡ್ಸೋಣ, ನಾನೇ ಕರ್ಕೊಂಡೋಗ್ತೀನಿ. ಇವತ್ತೊಂದಿನ ಹೊರ್ಲಿ ಬಿಡು.”

“ಅಮ್ಮಾ, ಅಜ್ಜಿಗೋಸ್ಕರ ತಾನೇ? ನಂಗೇನೂ ಆಗಲ್ಲ,” ಎಂದಳು ಬಿಂದುಶ್ರೀ. ಪಿಳ್ಳಮ್ಮ ಅಷ್ಟರಲ್ಲಿ ಸೀರೆ ಉಡಿಸಿ, ಬೇವಿನ ಎಸಳು ಮುಡಿಸಿ ಕರೆತಂದಾಗಿತ್ತು. ಆರತಿಯ ತಟ್ಟೆ ತಲೆಗೇರಿತು. ಯಮುನಾ ಒಬ್ಬಳು, ಅವರು ಇಡೀ ಊರು.

ತಮಟೆಯವರು ಮುಂದೆ, ಪುರಿ ಎರಚುವವರು ಹಿಂದೆ. ಮಾರಿ ಉಳಿದಿದ್ದ ತುಂಡು ಹೊಲದಲ್ಲಿ ಗುಂಡಿ ತೋಡಿತ್ತು. ಅಲ್ಲಿಗೆ ಹೋಗಲು ಕೆರೆ ಏರಿ ಹತ್ತಲೇಬೇಕು. ಕೆರೆಯ ಕೊಳಚೆ ನೊರೆ ಗಾಳಿಗೆ ಹಾರಿ ಬಂದು ಚಟ್ಟದ ಹೂವಿನ ಮೇಲೆ ಕೂರುತ್ತಿತ್ತು. ಯಮುನಾಳಿಗೆ ಕಂಡದ್ದು ಮಗಳ ಬೆನ್ನು ಮಾತ್ರ. ಬರಿಗಾಲಲ್ಲಿ ಏರು ಹತ್ತುತ್ತಿದ್ದ ಹುಡುಗಿ ಒಮ್ಮೆ ನಿಂತಳು, ಒಂದು ಕೈ ಇಳಿಸಿ ಎದೆ ಒತ್ತಿಕೊಂಡಳು. ಮತ್ತೆರಡು ಹೆಜ್ಜೆ ಇಟ್ಟಳು. ತಟ್ಟೆ ಜಾರಿತು, ದೀಪ ಮಣ್ಣಿಗೆ ಬಿತ್ತು, ಅದರ ಹಿಂದೆಯೇ ಅವಳೂ ಬಿದ್ದಳು.

“ಬಂದ್ಳು! ತಾಯಿ ಬಂದ್ಳು!”

ತಮಟೆ ಹುಚ್ಚೆದ್ದಿತು. ಚಟ್ಟವನ್ನು ಅಲ್ಲೇ ಇಳಿಸಿದರು. ದಾಸಪ್ಪ ಮೊಮ್ಮಗಳ ಕಾಲ ಬಳಿ ಉದ್ದಕ್ಕೆ ಅಡ್ಡಬಿದ್ದ. ನುಗ್ಗಿ ಬಂದ ಯಮುನಾಳನ್ನು ಪಿಳ್ಳಮ್ಮ ಎದೆಗೆ ಕೈಕೊಟ್ಟು ತಡೆದಳು.

“ಮುಟ್ಟಬ್ಯಾಡ! ಇಳಿಯೋಗಂಟ ಮುಟ್ಟಬ್ಯಾಡ!”

“ರೀ! ಕಾರು ತಗೊಂಡ್ಬನ್ನಿ! ಮಗು ತುಟಿ ನೀಲಿ ಆಗ್ತೈತೆ, ನೋಡ್ರೀ!”

ಶಿವಶಂಕರ ನೋಡುತ್ತಲೇ ಇದ್ದ. ಅವನ ಎರಡೂ ಕೈಗಳು ಮುಗಿದಿದ್ದವು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಯಾರೋ ಕರ್ಪೂರ ಹಚ್ಚಿದರು.

ಯಮುನಾಳಿಗೆ ತಾನು ಕೂಗಿ ಸತ್ತರೂ ಇವರು ದಾರಿ ಬಿಡುವುದಿಲ್ಲವೆಂದು ಖಚಿತವಾಯಿತು. ತುರುಬು ಕಿತ್ತಳು. ಕೂದಲು ಮುಖಕ್ಕೆ ಚೆಲ್ಲಿಕೊಂಡು, ಹೊಟ್ಟೆಯಾಳದಿಂದ ಒಂದು ಕೂಗು ಹಾಕಿದಳು. ಅಷ್ಟು ವರ್ಷ ಪ್ರತಿ ಮಂಗಳವಾರ ಕೇಳಿದ್ದ ಕೂಗು, ಕಲಿಯುವ ಕಷ್ಟವೇನಿತ್ತು?

“ಯಾವನೋ ಅವನು ನನ್ನ ಕೂಸ್ನ ಮಣ್ಣಲ್ಲಿ ಮಲಗ್ಸಿರೋನು? ಎತ್ರೋ! ಆಸ್ಪತ್ರೆ ಬಾಗ್ಲು ಕಾಣ್ಬೇಕು ನಾನು! ತಡ ಮಾಡಿದ್ರೆ ಊರು ಸುಟ್ಟೇನು!”

ತಮಟೆ ನಿಂತಿತು. ಪಿಳ್ಳಮ್ಮ ಹಿಂದೆ ಸರಿದು ಕೆನ್ನೆ ಬಡಿದುಕೊಂಡಳು. “ಅಪ್ಪಣೆ ತಾಯಿ, ಅಪ್ಪಣೆ,” ಎನ್ನುತ್ತ ದಾಸಪ್ಪನೇ ಎದ್ದು ಮೊಮ್ಮಗಳ ಹೆಗಲಿಗೆ ಕೈಕೊಟ್ಟ. ಸತ್ತವಳನ್ನು ಏರಿಯ ಮೇಲೆ ಬಿಸಿಲಲ್ಲಿ ಬಿಟ್ಟು ಜನವೆಲ್ಲ ಕಾರಿನ ಕಡೆ ಓಡಿತು.

ಕಾರಿನ ಹಿಂದಿನ ಸೀಟಿನಲ್ಲಿ ಮಗಳ ತಲೆ ಯಮುನಾಳ ತೊಡೆಯ ಮೇಲಿತ್ತು. ವರ್ತೂರು ಕೋಡಿಯ ಟ್ರಾಫಿಕ್ಕಿನಲ್ಲಿ ಬಿಂದುಶ್ರೀ ಕಣ್ಣು ಬಿಟ್ಟಳು. “ಅಮ್ಮಾ, ಏನಾಯ್ತು?” ಯಮುನಾ ಅವಳ ಬಾಯಿಗೆ ಮೆಲ್ಲನೆ ಕೈ ಅಡ್ಡ ಇಟ್ಟಳು.

ಮುಂದಿನ ಸೀಟಿನಿಂದ ಶಿವಶಂಕರ ತಿರುಗಿ ನೋಡದೆಯೇ ಕೇಳಿದ, “ಯಾವ ಕಡೆ ತಿರುಗಿಸ್ಲಿ ತಾಯಿ?”

ನಾನು ಕಣ್ರೀ, ನಿಮ್ಮ ಯಮುನಾ, ಎಂದು ಅಳಬೇಕೆನಿಸಿತು. ಹಾಗೆ ಹೇಳಿದರೆ ಇವನು ಕಾರು ನಿಲ್ಲಿಸಿಯಾನು. “ಎಡಕ್ಕೆ,” ಎಂದು ಗದರಿದಳು.

ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಿತು. ವಾರ್ಡ್‌ಬಾಯ್ ಸ್ಟ್ರೆಚರ್ ತಳ್ಳಿಕೊಂಡು ಬಂದ. ಹಿಂದೆಯೇ ಬೈಕುಗಳಲ್ಲಿ ಊರಿನವರು ಬಂದಿಳಿದರು. ಶಿವಶಂಕರ ಚಪ್ಪಲಿ ಕಳಚಿ, ಕಾರಿನ ಹಿಂದಿನ ಬಾಗಿಲು ತೆರೆದು, ಮಗಳನ್ನು ಎತ್ತಿಕೊಳ್ಳುವ ಮೊದಲು ಹೆಂಡತಿಯ ಪಾದಕ್ಕೆಂದು ಬಗ್ಗಿ ತಡಕಾಡಿದ. ಬೇಗ ಮುಗಿಯಲೆಂದು ಯಮುನಾ ಕಾಲನ್ನು ಮುಂದೆ ಚಾಚಿದಳು.