ಶೇಷನ ಉಪವಾಸ

ಪೆಟ್ಟಿಗೆಯ ಮುಚ್ಚಳ ತೆಗೆದ ಕಸ್ಟಮ್ಸ್ ಅಧಿಕಾರಿ ಹಾಗೇ ನಿಂತುಬಿಟ್ಟಳು. ಕೈಯಲ್ಲಿದ್ದ ಪರವಾನಗಿ ನೋಡಿದಳು, ಮತ್ತೆ ಪೆಟ್ಟಿಗೆ ನೋಡಿದಳು. ಇದರಲ್ಲಿ ಒಂದು ಗಂಡು ಹಾವು ಎಂದಿದೆಯಲ್ಲ, ಎಂದು ಕೇಳಿದಳು. ಹೌದೆಂದು ತಲೆಯಾಡಿಸುತ್ತ ಬಗ್ಗಿದ ನನ್ನ ಗಂಡ ಸುದರ್ಶನ್ ಬಗ್ಗಿಕೊಂಡೇ ಉಳಿದರು. ನಾನೂ ನೋಡಿದೆ. ನಮ್ಮ ಶೇಷ ಸುರುಳಿ ಸುತ್ತಿ ಮಲಗಿದ್ದ. ಸುರುಳಿಯ ಸಂದಿಯಲ್ಲಿ ಬೆಳ್ಳಗೆ, ಒದ್ದೆಯಾಗಿ, ಒಂದಕ್ಕೊಂದು ಅಂಟಿಕೊಂಡ ಮೊಟ್ಟೆಗಳು.

ಬೆಳಿಗ್ಗೆ ಸ್ವೀಡನ್ನಿನ ಸುಂಡ್‌ಬೀಬರ್ಯ್ ಊರಿನ ನಮ್ಮ ಮನೆಯಲ್ಲಿ ಪೆಟ್ಟಿಗೆ ಮುಚ್ಚಿದವಳು ನಾನೇ. ಆಗ ಅದರಲ್ಲಿ ಹಾವೊಂದೇ ಇತ್ತು.

ಸುದರ್ಶನ್‌ಗೆ ಓಸ್ಲೋದಲ್ಲಿ ಹೊಸ ಕೆಲಸ ಸಿಕ್ಕಿತ್ತು. ಮಗಳು ಇರಾ ಶಾಲೆ ಬಿಡಲು, ಗೆಳತಿಯರನ್ನು ಬಿಡಲು ಒಪ್ಪಿದ್ದು ಒಂದೇ ಮಾತಿನ ಮೇಲೆ: ಶೇಷ ಜೊತೆಗೆ ಬರಬೇಕು. ಅದು ಆಫ್ರಿಕದ ಸಣ್ಣ ಜಾತಿಯ ಹೆಬ್ಬಾವು, ವಿಷವಿಲ್ಲ. ಹೋದ ಚಳಿಗಾಲದಲ್ಲಿ ಊರು ಬಿಟ್ಟು ಹೋಗುತ್ತಿದ್ದ ಒಬ್ಬರು ಗಂಡು ಎಂದು ಹೇಳಿ ಕೊಟ್ಟಿದ್ದರು. ಶೇಷ ಎಂದು ಹೆಸರಿಟ್ಟವಳು ನಾನು. ಅಪ್ಪ ಗಮಕಿ. ಸಂಜೆ ಅವರು ವಾಚನಕ್ಕೆ ಕೂತರೆ ನಾನು ಹೊಸಿಲ ಬಳಿ ಕೂತು ಕೇಳುತ್ತಿದ್ದೆ. ಭೂಮಿ ಹೊತ್ತ ಹಾವಿನ ಪದ್ಯ ಬಂದಾಗ ಅಪ್ಪನ ದನಿ ತಾನಾಗಿ ತಗ್ಗುತ್ತಿತ್ತು. ಆ ತಗ್ಗಿದ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಹಾವನ್ನು ದೇಶ ದಾಟಿಸುವುದು ನಮ್ಮನ್ನು ದಾಟಿಸಿದಷ್ಟು ಸುಲಭವಲ್ಲ. ಸ್ವೀಡನ್ನಿನಿಂದ ಹೊರಡಲು ಒಂದು ಅನುಮತಿ, ನಾರ್ವೆ ಒಳಗೆ ಬಿಟ್ಟುಕೊಳ್ಳಲು ಇನ್ನೊಂದು, ಜೊತೆಗೆ ಪಶುವೈದ್ಯರ ಸರ್ಟಿಫಿಕೇಟ್. ಸುದರ್ಶನ್ ಎಲ್ಲವನ್ನೂ ಕಾನೂನಿನ ಪ್ರಕಾರವೇ ಮಾಡಿಸಿದ್ದರು. ಉಳಿದಿದ್ದದ್ದು ಗಡಿಯಲ್ಲಿ ಒಂದು ಮುದ್ರೆ.

ಅಷ್ಟರಲ್ಲಿ ಶ್ರಾವಣ ಬಂತು, ಶೇಷ ಊಟ ಬಿಟ್ಟ. ಇರಾ ಫ್ರೀಜರಿನಿಂದ ತೆಗೆದು ಬೆಚ್ಚಗೆ ಮಾಡಿ ಕೊಟ್ಟ ಇಲಿಯತ್ತ ಮುಖ ತಿರುಗಿಸಲಿಲ್ಲ. ಮಾಂಸ ಕಾಣದ ನಮ್ಮ ಅಡುಗೆಮನೆಗೆ ಹಾವೇ ಮಾಂಸ ಬಿಟ್ಟದ್ದು ಸಣ್ಣ ಸಂಗತಿಯಾಗಿರಲಿಲ್ಲ. ಪಂಚಮಿಯ ದಿನ ಪಕ್ಕದ ಕಟ್ಟಡದ ಪದ್ಮಿನಿ ಹಾಲು, ಅರಿಶಿನ, ತಂಬಿಟ್ಟು ತಂದಳು. ಹಾವಿಗೆ ಹಾಲು ಆಗಿಬರುವುದಿಲ್ಲ ಎಂದು ಇರಾ ಹಾವಿನ ಗಾಜಿನ ಗೂಡಿಗೆ ಅಡ್ಡ ನಿಂತಳು. ಗಾಜಿನ ಹೊರಗೇ ಬಟ್ಟಲಿಟ್ಟು ಆರತಿ ಎತ್ತಿದೆವು. ಒಳಗೆ ಅದು ತಲೆ ಎತ್ತಿ ನೋಡಿತು.

"ನಿಮ್ಮ ಶೇಷಪ್ಪ ನಮ್ಮನೆಯವರಿಗಿಂತ ಮಡಿವಂತ ಕಣ್ರೀ. ಅವರು ಶ್ರಾವಣದಲ್ಲೂ ಫಿಕಾ ಅಂತ ಆಫೀಸಲ್ಲಿ ಕಾಫಿ ಹೊತ್ತಿಗೆ ಮೊಟ್ಟೆ ಕೇಕ್ ತಿಂದ್ಬರ್ತಾರೆ," ಎಂದಳು ಪದ್ಮಿನಿ.

ನಾವು ನಕ್ಕೆವು. ಅದು ಉಪವಾಸವೇ ಎಂದು ನಗುತ್ತಲೇ ನಂಬಿದೆವು. ನಾನಂತೂ ಪೂರ್ತಿ ನಂಬಿದೆ. ಗಾಜಿನ ಮುಂದೆ ಕೂತು ಅಪ್ಪನ ಪದ್ಯ ಗುನುಗಿದಾಗ ಅದು ಅಲುಗಾಡದೆ ಕೇಳುತ್ತದೆ ಅನಿಸುತ್ತಿತ್ತು.

"ಅಮ್ಮ, ಅದು ಸ್ನೇಕ್. ಅದಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ," ಎಂದಿದ್ದಳು ಇರಾ. ಡಾಕ್ಟರಿಗೆ ತೋರಿಸೋಣ ಎಂದೂ ಅಂದಿದ್ದಳು. ಹೇಗೂ ಸರ್ಟಿಫಿಕೇಟಿಗೆ ಹೋಗಬೇಕಲ್ಲ, ಆಗ ಕೇಳಿದರಾಯಿತು ಎಂದೆ. ಆ ದಿನ ವೈದ್ಯರು ಊಟ ಹೇಗಿದೆ ಎಂದು ಕೇಳಿದರು. ಉಪವಾಸದಲ್ಲಿದ್ದಾನೆ ಎಂದರು ಸುದರ್ಶನ್. ಗಂಡು ಹಾವುಗಳು ಒಮ್ಮೊಮ್ಮೆ ಹಾಗೆ ಬಿಡುತ್ತವೆ, ಮೈ ತುಂಬಿಕೊಂಡಿದೆ, ಚಿಂತೆಯಿಲ್ಲ ಎಂದು ವೈದ್ಯರು ರುಜು ಹಾಕಿದರು. ಮೈ ತುಂಬಿದ್ದನ್ನು ಎಲ್ಲರೂ ನೋಡಿದ್ದೆವು.

ಈಗ ಗಡಿ ಕಚೇರಿಯ ಗೋಡೆಗೊರಗಿ ಸುದರ್ಶನ್ ಅದೇ ವೈದ್ಯರಿಗೆ ಫೋನ್ ಮಾಡಿದರು. ಗಂಡಿನ ಜೊತೆ ಕೂಡಿ ತಿಂಗಳುಗಳಾದ ಮೇಲೂ ಹೆಣ್ಣು ಹೀಗೆ ಮೊಟ್ಟೆ ಇಡಬಲ್ಲದಂತೆ. ಬಸುರಾದ ಮೇಲೆ ಎಷ್ಟೋ ಹಾವುಗಳು ಊಟ ಮುಟ್ಟುವುದೇ ಇಲ್ಲವಂತೆ. ಸುದರ್ಶನ್ ಒಂದೊಂದೇ ಮಾತನ್ನು ನನಗೆ ಕನ್ನಡದಲ್ಲಿ ಹೇಳುತ್ತ ಹೋದರು. ನಾನು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತೆ. ಬಸುರಿಯೊಬ್ಬಳು ನನ್ನ ಕಣ್ಣೆದುರೇ ಊಟ ಬಿಟ್ಟು ಮಲಗಿದ್ದಳು. ನಾನು ಅವಳಿಗೆ ಪದ್ಯ ಹೇಳುತ್ತಿದ್ದೆ.

ಅಧಿಕಾರಿ ಕಟುವಾಗಿ ಮಾತಾಡಲಿಲ್ಲ. ಹಾವಿನ ಚರ್ಮದಡಿಯ ಗುರುತಿನ ಚಿಪ್‌ನ ಸಂಖ್ಯೆ ಪರವಾನಗಿಗೆ ಹೊಂದುತ್ತದೆ, ಹಾಗಾಗಿ ಹಾವಿನ ವಿಷಯದಲ್ಲಿ ಮೇಲಿನವರನ್ನು ಕೇಳಿ ನೋಡಬಹುದು ಎಂದಳು. ಮೊಟ್ಟೆಗಳಿಗೆ ಮಾತ್ರ ಅನುಮತಿಯೇ ಇಲ್ಲ. ಕಾನೂನಿನ ಲೆಕ್ಕದಲ್ಲಿ ಅವೂ ಹಾವುಗಳೇ. ಇಲ್ಲಿ ಬಿಟ್ಟುಹೋದರೆ ನಾಶ ಮಾಡುತ್ತಾರೆ. ಇಲ್ಲವೇ, ನೀವು ಇನ್ನೂ ಸ್ವೀಡನ್ನಿನಲ್ಲೇ ಇರುವುದರಿಂದ, ಎಲ್ಲವನ್ನೂ ತೆಗೆದುಕೊಂಡು ಹಿಂತಿರುಗಿ, ಹೊಸದಾಗಿ ಅರ್ಜಿ ಹಾಕಿ. ಅದಕ್ಕೆ ತಿಂಗಳುಗಳೇ ಹಿಡಿದಾವು.

ಸೋಮವಾರ ಸುದರ್ಶನ್ ಕೆಲಸಕ್ಕೆ ಸೇರಬೇಕಿತ್ತು. ಇರಾಳ ಹೊಸ ಶಾಲೆಯೂ ಅಂದೇ ಶುರು. ಅವರು ನನ್ನ ಪಕ್ಕ ಬಂದು ಕೂತು ತಗ್ಗಿದ ದನಿಯಲ್ಲಿ, "ರಮಾ, ಮೊಟ್ಟೆ ತಾನೇ," ಎಂದರು.

ಇರಾಗೆ ಕೇಳಿಸಿತು. ಅವಳು ಅಳಲಿಲ್ಲ. ಪೆಟ್ಟಿಗೆಗೆ ಅಡ್ಡ ನಿಂತು, ಅಂದು ಪದ್ಮಿನಿಯನ್ನು ತಡೆದ ಹಾಗೆಯೇ ಎರಡೂ ಕೈ ಚಾಚಿ, "ನೇಯ್," ಎಂದಳು. ಬೇಡ ಎನ್ನಲು ಅವಳಿಗೆ ಮೊದಲು ಬಾಯಿಗೆ ಬರುವುದು ಸ್ವೀಡಿಷ್ ಮಾತೇ.

ನಮ್ಮ ಮನೆಯಲ್ಲಿ ಇಂಥ ಹೊತ್ತಿಗೆ ಮಾತಾಡುವವಳು ನಾನಲ್ಲ. ಕೇಳುವವಳು. ಅಮ್ಮನ ಮನೆಯಲ್ಲಿ ಅಕ್ಕ ಹೆತ್ತಾಗ, ಭಾವ ಎಷ್ಟು ಕರೆದರೂ ಅಜ್ಜಿ ಅವಳನ್ನು ಹೊಳೆ ದಾಟಲು ಬಿಟ್ಟಿರಲಿಲ್ಲ. ಅದು ನೆನಪಾಯಿತೋ, ಆ ಒದ್ದೆ ಮೊಟ್ಟೆಗಳೇ ಹೇಳಿಸಿದವೋ ಗೊತ್ತಿಲ್ಲ.

"ಬಾಣಂತಿನ ಗಡಿ ದಾಟಿಸೋ ಪದ್ಧತಿ ನಮ್ಮಲ್ಲಿಲ್ಲ ಕಣ್ರೀ," ಎಂದೆ. "ನೀವು ಬಸ್ಸಲ್ಲಿ ಹೋಗಿ. ನಾವು ವಾಪಸ್ ಹೋಗ್ತೀವಿ."

ಸುದರ್ಶನ್ ನನ್ನನ್ನೇ ನೋಡಿದರು. ಹೆದ್ದಾರಿಯಲ್ಲಿ ನಾನು ಒಬ್ಬಳೇ ಕಾರು ಓಡಿಸಿದ್ದಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಅವರು ಕೀಲಿ ನನ್ನ ಕೈಗಿಟ್ಟು, ತಮ್ಮ ಬ್ಯಾಗು ಇಳಿಸಿಕೊಂಡರು. ಮನೆಯ ಬಾಡಿಗೆ ಕರಾರು ತಿಂಗಳ ಕೊನೆಯವರೆಗಿತ್ತು. ಆಮೇಲಿನದಕ್ಕೆ ಪದ್ಮಿನಿಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ. "ಹಾಗಾದ್ರೆ ಅವತ್ತು ನಾವು ಮಾಡಿದ್ದು ಸೀಮಂತ ಬಿಡಿ," ಎಂದಳು. ಒಂದು ಕೋಣೆ ಖಾಲಿ ಮಾಡಿಸುತ್ತೇನೆ ಎಂದೂ ಹೇಳಿದಳು.

ಮೊಟ್ಟೆ ಉರುಳಬಾರದು ಎಂದು ಇರಾ ಪೆಟ್ಟಿಗೆಯನ್ನು ತೊಡೆಯ ಮೇಲೆ ಹಿಡಿದು ಕೂತಿದ್ದಳು. ಹಿಂದಿನ ಗಾಡಿಗಳೆಲ್ಲ ದಾಟಿ ಹೋಗುವಷ್ಟು ನಿಧಾನವಾಗಿ ನಾನು ಓಡಿಸಿದೆ. ಅಭ್ಯಾಸಬಲದಿಂದ ಪದ್ಯ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ.

"ಈಗ ಅವಳಿಗೆ ಹಸಿವಾಗಿರುತ್ತಾ ಇರಾ?" ಎಂದು ಕೇಳಿದೆ.

ಅವಳು ಮುಚ್ಚಳದ ರಂಧ್ರಕ್ಕೆ ಕಣ್ಣಿಟ್ಟು ನೋಡಿದಳು.

"ನಂಗೊತ್ತಿಲ್ಲ ಅಮ್ಮ. ಡಾಕ್ಟರ್‌ನ ಕೇಳ್ಬೇಕು," ಎಂದಳು.