ಮಾತು ಕೇಳದ ಬೆರಳುಗಳು

ಬೆಳಗೆದ್ದರೆ ಕ್ಷೌರಿಕನ ಬೆರಳುಗಳು ಮಡಚುತ್ತಿರಲಿಲ್ಲ. ಗೆಣ್ಣುಗಳು ಊದಿಕೊಂಡು, ಮುಟ್ಟಿದರೆ ಬಿಸಿ. ಒಂದು ಗಂಟೆ ಬಿಸಿನೀರಲ್ಲಿ ಅದ್ದಿಟ್ಟರೆ ಹೇಗೋ ಕತ್ತರಿ ಹಿಡಿಯಲಾಗುತ್ತಿತ್ತು. ಹೆಂಡತಿ ಕೇಳಿದರೆ, "ಇಪ್ಪತ್ತೈದು ವರ್ಷ ದುಡಿದ ಕೈ, ಸವೆದಿರುತ್ತೆ ಬಿಡೇ" ಎಂದು ಮಾತು ಹಾರಿಸುತ್ತಿದ್ದ.

ಗುಟ್ಟು ಬಯಲಾದದ್ದು ಒಂದು ಸೋಮವಾರ. ನಿವೃತ್ತ ಮೇಷ್ಟರ ಮೀಸೆಯ ತುದಿ ಸಮ ಮಾಡುವಾಗ ಹೆಬ್ಬೆರಳು ಕೈಕೊಟ್ಟು, ಎಡಗಡೆಯ ಮೀಸೆ ಹಾರಿಹೋಯಿತು. ಮೇಷ್ಟರು ಕನ್ನಡಿ ನೋಡಿದರು. ಕ್ಷೌರಿಕ ನೆಲ ನೋಡಿದ.

"ಇನ್ನರ್ಧನೂ ತೆಗೆದುಬಿಡಯ್ಯಾ," ಎಂದರು ಮೇಷ್ಟರು ಕೊನೆಗೆ. "ಆಮೇಲೆ ಬಾಗಿಲು ಹಾಕು. ಇಬ್ಬರೂ ಡಾಕ್ಟರ ಹತ್ರ ಹೋಗೋಣ."

"ನಿಮಗೇನಾಗಿದೆ ಮೇಷ್ಟ್ರೇ?"

"ಈ ಮುಖ ಹೊತ್ಕೊಂಡು ಈಗಲೇ ಮನೆಗೆ ಹೋಗೋ ಧೈರ್ಯ ನನಗಿಲ್ಲ."

ರಕ್ತಪರೀಕ್ಷೆಯ ವರದಿ ಬಂದ ದಿನ ಹೆಂಡತಿಯೂ ಜೊತೆಗೆ ಹೋದಳು. ಡಾಕ್ಟರಮ್ಮ ಬಿಡಿಸಿ ಹೇಳಿದರು: "ರೋಗಾಣು ಒಳಗೆ ಬಂದ್ರೆ ರಕ್ತದಲ್ಲಿರೋ ರಕ್ಷಣಾ ಕಣಗಳು ಅದರ ಮೇಲೆ ಬೀಳ್ತವೆ. ಊತ, ಬಿಸಿ, ನೋವು ಬರೋದು ಅದರಿಂದಲೇ. ವಾಸಿಯಾಗೋಕೆ ಅದೂ ಬೇಕು. ಕೆಲಸ ಮುಗಿದ್ಮೇಲೆ 'ಸಾಕು, ನಿಲ್ಸಿ' ಅಂತ ತಡೆಯೋ ಕಣಗಳೂ ಇರ್ತವೆ. ನಿಮ್ಮಲ್ಲಿ ಅವುಗಳ ಮಾತು ನಡೀತಿಲ್ಲ. ಮಿಕ್ಕವು ನಿಮ್ಮ ಕೀಲುಗಳನ್ನೇ ಶತ್ರು ಅಂದ್ಕೊಂಡಿವೆ."

"ಇವರ ಹತ್ರ ಯಾರ ಮಾತೂ ನಡೆಯಲ್ಲ ಬಿಡಿ," ಎಂದಳು ಹೆಂಡತಿ.

"ಕತ್ತರಿ ಕೆಲಸದಿಂದ ಬಂದಿದ್ದಲ್ವಾ?" ಕ್ಷೌರಿಕ ಕೇಳಿದ.

"ಅಲ್ಲವೇ ಅಲ್ಲ. ಬೇಗ ಬಂದಿದ್ದೀರಿ, ಹತೋಟಿಗೆ ತರಬಹುದು. ವಾರಕ್ಕೊಂದು ದಿನ ಮಾತ್ರೆ. ಗುಣ ಕಾಣೋಕೆ ಎರಡು ಮೂರು ತಿಂಗಳು ಬೇಕು. ಆಗಾಗ ಮಾಡಿಸೋ ರಕ್ತಪರೀಕ್ಷೆ ಮಾತ್ರ ತಪ್ಪಿಸಬೇಡಿ."

ಅಷ್ಟು ದಿನ ಅಂಗಡಿ ಮುಚ್ಚುವಂತಿರಲಿಲ್ಲ. ಹೆಂಡತಿ ಕತ್ತರಿ ಎತ್ತಿಕೊಂಡಳು. ಮೊದಲ ತಲೆ ಅವಳ ತಮ್ಮನದು. ಕ್ಷೌರಿಕ ಸ್ಟೂಲಿನ ಮೇಲೆ ಕೂತು, "ಬಾಚಣಿಗೆ ಎತ್ತಿ ಹಿಡಿ... ನಿಧಾನ" ಎಂದು ಹೇಳಿಕೊಟ್ಟ. "ಅಕ್ಕಾ, ನನಗೆ ಎರಡು ಕಿವಿನೂ ಬೇಕು ಕಣೇ!" ಎಂದು ತಮ್ಮ ಕೂಗಿಕೊಂಡ. ಕೂದಲು ಮೆಟ್ಟಿಲು ಮೆಟ್ಟಿಲಾಗಿ ಬಂದರೂ ಕಿವಿಗಳು ಉಳಿದವು. ತಿಂಗಳೊಳಗೆ ಅವಳ ಕೈ ಕುದುರಿತು.

ಹನ್ನೊಂದನೆಯ ವಾರ, ಒಂದು ಬೆಳಿಗ್ಗೆ, ಕ್ಷೌರಿಕ ಹಾಸಿಗೆಯಲ್ಲೇ ಮುಷ್ಟಿ ಕಟ್ಟಿದ. ಬಿಚ್ಚಿದ. ಮತ್ತೆ ಕಟ್ಟಿದ. ಹೆಂಡತಿಯನ್ನು ಎಬ್ಬಿಸಿ ತೋರಿಸಿದ. ಅವಳು ಆ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅಂದು ಅವನು ಠೀವಿಯಿಂದ ಕುರ್ಚಿಯ ಪಕ್ಕ ನಿಂತರೆ, ಕಾಯುತ್ತಿದ್ದ ಮೂವರಲ್ಲಿ ಇಬ್ಬರು ಜಾಗ ಬಿಟ್ಟು ಏಳಲಿಲ್ಲ. "ನಮಗೆ ಅಕ್ಕನೇ ಆಗಬೇಕು," ಎಂದರು. ಕ್ಷೌರಿಕನಿಗೆ ಹೊಟ್ಟೆ ಉರಿಯಿತು, ನಗುವೂ ಬಂತು. ಮಧ್ಯಾಹ್ನವೇ ಹೋಗಿ ಅಂಗಡಿಗೆ ಇನ್ನೊಂದು ಕುರ್ಚಿ ಬೇಕೆಂದು ಹೇಳಿಬಂದ.