ತಾಟಿನ ಅಂಚಿನ ಬದನೆಕಾಯಿ

ಎರಡೂವರೆ ವರ್ಷದ ಹುಮಾಳಿಗೆ ಹಲ್ಲು ಹದಿನಾರು, ಹಟ ನೂರಾ ಹದಿನಾರು. ರೊಟ್ಟಿ ತಿನ್ನುತ್ತಾಳೆ, ಹಾಲು ಕುಡಿಯುತ್ತಾಳೆ, ಅಜ್ಜ ತಂದ ಬಿಸ್ಕೀಟಿನ ಪುಡಿಯನ್ನೂ ಬಿಡುವುದಿಲ್ಲ. ಕಾಯಿಪಲ್ಲೆ ಕಂಡರೆ ಮಾತ್ರ ತುಟಿಗೆ ಬೀಗ. ಇಂಡಿ ಊರಿನ ಡಾಕ್ಟರು ಕೂಸಿನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಬೆರಳಿಗೆ ಸೂಜಿ ಚುಚ್ಚಿಸಿ, ಚೀಟಿ ಬರೆದರು.

"ರಕ್ತ ಕಡಿಮಿ ಐತ್ರಿ, ಎಂಟೂವರಿ. ಔಷಧ ಕೊಡ್ತೇನಿ, ಬರೇ ಔಷಧದಾಗ ಮುಗಿಯೂದಿಲ್ಲ. ತಪ್ಪಲಪಲ್ಲೆ, ಕಾಯಿಪಲ್ಲೆ ಹೊಟ್ಟಿಗೆ ಹೋಗಬೇಕು. ಒಂದು ತಿಂಗಳ ಬಿಟ್ಟು ಕರ್ಕೊಂಡು ಬರ್ರಿ."

ಅಂದಿನಿಂದ ತಾಯಿ ಸಗೀರಾಳಿಗೆ ಅದೊಂದೇ ಚಿಂತೆ. ಪಾಲಕ ಅರೆದು ಹಿಟ್ಟಿಗೆ ಕಲಸಿ ರೊಟ್ಟಿ ಬಡಿದಳು. ಹುಮಾ ಹಸಿರು ರೊಟ್ಟಿಯನ್ನು ತಿರುವಿ ನೋಡಿ ಬೆಕ್ಕಿಗೆ ಎಸೆದಳು. ಬೆಕ್ಕೂ ಮೂಸಿ ನಡೆಯಿತು. ಗಜ್ಜರಿ ಹೆರೆದು ಬಾಳೆಹಣ್ಣಿನಲ್ಲಿ ಮುಚ್ಚಿ ಕೊಟ್ಟಳು. ಕೂಸು ಹಣ್ಣನ್ನಷ್ಟೇ ನುಂಗಿ ಗಜ್ಜರಿಯ ಎಳೆಗಳನ್ನು ಒಂದೂ ಬಿಡದಂತೆ ಅಂಗೈಗೆ ಉಗುಳಿ ತಾಯಿಗೇ ವಾಪಸು ಕೊಟ್ಟಿತು. ಪಕ್ಕದ ಮನೆಯ ಚಂದವ್ವ, "ಎರಡು ದಿನ ಉಪಾಸ ಕೆಡವು, ಕಲ್ಲೂ ತಿಂತೈತಿ" ಎಂದಳು. ಒಂದು ಹೊತ್ತು ಉಪವಾಸ ಕೆಡವಿದ್ದೂ ಆಯಿತು. ಕೂಸಿಗಿಂತ ಮೊದಲು ಸಗೀರಾಳೇ ಅತ್ತಳು.

ಅತ್ತೆ ಶಮ್ಶುನ್ನೀಸಾಳ ಮಾತು ಬೇರೆ. "ನಮ್ಮ ಮನ್ಯಾಗ ಇಂಥಾ ಹಟ ಯಾರಿಗೂ ಇಲ್ಲವಾ. ಸಿಂದಗಿ ಕಡೆಯಿಂದ ಬಂದೈತಿ ಇದು." ಸಿಂದಗಿ ಎಂದರೆ ಸಗೀರಾಳ ತವರು. ತವರಿನಲ್ಲಿ ಬದನೆಕಾಯಿಯ ತೊಟ್ಟನ್ನೂ ಬಿಡದೆ ಚೀಪುವ ಜನ ಇದ್ದರು. ಆದರೆ ಅತ್ತೆಯ ಎದುರು ಅದನ್ನು ಹೇಳುವವರು ಯಾರು? ಸಗೀರಾ ಸುಮ್ಮನೆ ರೊಟ್ಟಿ ಬಡಿದಳು, ಸ್ವಲ್ಪ ಜೋರಾಗಿಯೇ ಬಡಿದಳು.

ವಾರದ ಮೇಲೆ ತಾಳಿಕೋಟೆಯಲ್ಲಿದ್ದ ಮಗಳು ಹಡೆದಳೆಂದು ಶಮ್ಶುನ್ನೀಸಾ ಬಾಣಂತನಕ್ಕೆ ಹೊರಟಳು. ಮನೆಯಲ್ಲಿ ಸಗೀರಾ, ಇಂಡಿಯಿಂದ ಅಗರಖೇಡಕ್ಕೆ ಟೆಂಪೊ ಓಡಿಸುವ ಗಂಡ ಫಯಾಜ, ಲಿಂಬೆಹಣ್ಣಿನ ವ್ಯಾಪಾರಿ ಮಾವ ಚಮನಸಾಬ, ಮತ್ತೆ ಈ ಹಟದ ಗಂಟು ಉಳಿದರು.

ಚಮನಸಾಬ ಮಧ್ಯಾಹ್ನ ಒಂದಕ್ಕೆ ಲಿಂಬೆಯ ಹರಾಜಿನ ಸವಾಲು ಮುಗಿಸಿ ಬಂದು ನಡುಮನೆಯಲ್ಲಿ ಚಾಪೆ ಮೇಲೆ ಕೂತರೆ ಹುಮಾ ಅವನ ತೊಡೆಗೆ ಅಂಟಿ ಕೂರಬೇಕು. ಅಜ್ಜ ಮೊಮ್ಮಗಳಿಗೆ ಒಂದೇ ತಾಟು. ಕೂಡಿ ಉಂಡರೆ ಬರಕತ್ತು, ಅನ್ನ ಹೆಚ್ಚುತ್ತದೆ ಎಂಬುದು ಆ ಮನೆಯ ಹಳೆಯ ನಂಬಿಕೆ. ಮಾವ ಉಣ್ಣುವಲ್ಲಿ ಸೊಸೆ ನಿಲ್ಲುವ ಪದ್ಧತಿ ಇರಲಿಲ್ಲ. ಅತ್ತೆಯೇ ಬಡಿಸಿ, ಗಂಡ ಎದ್ದ ಮೇಲೆ ಅದೇ ತಾಟಿನಲ್ಲಿ ಅಲ್ಲೇ ಕೂತು ತಾನೂ ಉಂಡು, ತಾಟನ್ನು ತೊಳೆಯಲು ತಂದಿಡುತ್ತಿದ್ದಳು. ಮದುವೆಯಾಗಿ ನಾಲ್ಕು ವರ್ಷ, ಸಗೀರಾ ಕಂಡದ್ದು ಬರಿದಾದ ತಾಟನ್ನೇ.

ಅತ್ತೆ ಹೋದ ಮೊದಲ ಮಧ್ಯಾಹ್ನ ತಾಟು ಎತ್ತಲು ಬಂದವಳು ಬಗ್ಗಿದಲ್ಲೇ ನಿಂತಳು. ತಾಟಿನ ಅಂಚಿಗೆ ಎರಡು ಗುಂಪು. ಒಂದು ದೊಡ್ಡದು: ಬದನೆಕಾಯಿಯ ಹೋಳು, ಚವಳಿಕಾಯಿ, ಬೇಳೆಯಿಂದ ಹೆಕ್ಕಿ ತೆಗೆದ ಮೆಂತೆ. ಅದರ ಪಕ್ಕಕ್ಕೆ ಚಿಕ್ಕದೊಂದು: ಅದೇ ಬದನೆ, ಅದೇ ಚವಳಿ, ಅದೇ ಮೆಂತೆ. ದೊಡ್ಡ ಬೆರಳು ಮಾಡಿದ್ದನ್ನು ಚಿಕ್ಕ ಬೆರಳು ಅಚ್ಚುಕಟ್ಟಾಗಿ ಕಲಿತಿತ್ತು. ಇಷ್ಟು ದಿನ ಈ ಗುಂಪುಗಳು ಎಲ್ಲಿ ಹೋಗುತ್ತಿದ್ದವು ಎಂದು ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅತ್ತೆಯ ಹೊಟ್ಟೆಗೆ.

ಸಗೀರಾಳಿಗೆ ಸಿಟ್ಟು ನೆತ್ತಿಗೇರಿತು. ಸಿಂದಗಿಯ ಹಟವಂತೆ!

ಸಂಜೆ ಗಂಡನಿಗೆ ಹೇಳಿದಳು. "ಅಬ್ಬಾಗ ನೀವ ಹೇಳ್ರಿ."

"ನಾನಾ?" ಫಯಾಜ ಟೆಂಪೊ ಒರೆಸುವ ಬಟ್ಟೆಯನ್ನು ಮತ್ತೆ ಕೈಗೆ ತೆಗೆದುಕೊಂಡ. "ಹಾಯೂ ಎತ್ತಿನ ಕೋಡ ಹಿಡಿ ಅನ್ನು, ಹಿಡೀತೇನಿ. ಅಬ್ಬಾನ ತಾಟಿನ ಸುದ್ದಿ ನನಗ ಬ್ಯಾಡ."

ಸಗೀರಾ ಮಾವನೊಡನೆ ನೇರ ಮಾತಾಡಿದವಳೇ ಅಲ್ಲ. ಚಹಾ ಬೇಕೋ ಬೇಡವೋ ಕೇಳಬೇಕಾದರೂ ಅತ್ತೆಯ ಮೂಲಕ, ಅತ್ತೆ ಇಲ್ಲದಾಗ ಕೂಸಿನ ಮೂಲಕ. ಮರುದಿನ ಮಧ್ಯಾಹ್ನ ಸೆರಗು ತಲೆ ಮೇಲೆ ಎಳೆದುಕೊಂಡು, ತಾಟು ಇಟ್ಟು, ಒಳಗೆ ಹೋಗದೆ ಬಾಗಿಲಲ್ಲಿ ನಿಂತಳು.

"ಹುಮಾ, ಪಲ್ಲೆ ತಿನ್ರಿ ಅಂತ ನಿಮ್ಮ ದಾದಾಗ ಹೇಳು."

ಹುಮಾ ತಾಟು ನೋಡಿ, ಅಜ್ಜನನ್ನು ನೋಡಿ, "ದಾದಾ, ಛೀ" ಎಂದಳು. ಇಬ್ಬರೂ ಬದನೆಕಾಯಿಯನ್ನು ಅಂಚಿಗೆ ಸರಿಸಿದರು.

ತಿಂಗಳು ಮುಗಿಯಲು ಇನ್ನು ಇಪ್ಪತ್ತೊಂದು ದಿನ. ಸಗೀರಾ ತಾನೇ ಬಾಯಿ ಬಿಟ್ಟಳು.

"ಅಬ್ಬಾ, ನೀವು ಬಿಟ್ಟದ್ದನ್ನ ಅಕಿನೂ ಬಿಡ್ತಾಳ್ರಿ."

ಚಮನಸಾಬನ ಕೈ ತಾಟಿನ ಮೇಲೆ ನಿಂತಿತು. ಅವನು ತಲೆ ಎತ್ತಲಿಲ್ಲ. "ನನಗ ಅದು ಸೇರೂದಿಲ್ಲ."

"ಅಕಿಗೂ ಸೇರೂದಿಲ್ರಿ."

"ಸಣ್ಣ ಕೂಸು. ಕಲೀತಾಳ ಬಿಡು."

"ಕಲತಾಳ್ರಿ. ನಿಮ್ಮನ್ನ ನೋಡೇ ಕಲತಾಳ."

ಸವಾಲಿನಲ್ಲಿ ಹತ್ತು ಮಂದಿಯ ದನಿ ಅಡಗಿಸುವ ಮನುಷ್ಯ ಅಂಚಿನ ದೊಡ್ಡ ಗುಂಪನ್ನೂ ಪಕ್ಕದ ಚಿಕ್ಕ ಗುಂಪನ್ನೂ ನೋಡಿದ. ಇನ್ನು ಎದ್ದು ಹೋಗುತ್ತಾನೆ, ತಾಳಿಕೋಟೆಗೆ ಫೋನ್ ಹೋಗುತ್ತದೆ, ತನ್ನ ಕಥೆ ಮುಗಿಯಿತು ಎಂದುಕೊಂಡಳು ಸಗೀರಾ. ಚಮನಸಾಬ ಅಂಚಿನಿಂದ ಒಂದು ಹೋಳು ಎತ್ತಿ, ರೊಟ್ಟಿಯಲ್ಲಿ ಸುತ್ತಿ, ಕಷಾಯ ಕುಡಿಯುವವನ ಹಾಗೆ ಕಣ್ಣು ಮುಚ್ಚಿ ನುಂಗಿದ. ಹುಮಾ ಅಜ್ಜನ ಮುಖವನ್ನೇ ನೋಡುತ್ತಿದ್ದಳು.

"ಮುಖ ಹಂಗ ಮಾಡಬ್ಯಾಡ್ರಿ ಅಬ್ಬಾ, ನೋಡಾಕತ್ತಾಳ."

ಒಮ್ಮೆ ಬಾಯಿ ಬಿಟ್ಟವಳಿಗೆ ಎರಡನೆಯ ಮಾತು ಕಷ್ಟವಾಗಲಿಲ್ಲ. ಎರಡನೆಯ ಹೋಳನ್ನು ಅವನು ಮುಖ ನೆಟ್ಟಗಿಟ್ಟುಕೊಂಡು ತಿಂದ. ಮೂರನೆಯದಕ್ಕೆ, "ಭಾಳ ಚಲೋ ಐತಿ" ಎಂದು ಸುಳ್ಳೂ ಹೇಳಿದ. ಹುಮಾ ಒಂದು ಚೂರು ಬಾಯಿಗಿಟ್ಟುಕೊಂಡು, ಸ್ವಲ್ಪ ಹೊತ್ತು ಯೋಚಿಸಿ, ಉಗುಳಿದಳು. ಒಂದೇ ದಿನಕ್ಕೆ ಪವಾಡವಾಗಲು ಇದೇನು ಪುರಾಣವಲ್ಲ. ಮೂರನೆಯ ದಿನ ಜಗಿದು ಉಗುಳಿದಳು. ಆರನೆಯ ದಿನ ನುಂಗಿದಳು, ಮತ್ತೊಂದಕ್ಕೆ ಕೈ ಹಾಕಿದಳು. ಚಮನಸಾಬ ಮಾತ್ರ ಆರೂ ದಿನ ಒಂದು ಹೋಳೂ ಬಿಡದೆ ತಿಂದ.

ತಿಂಗಳಿಗೆ ರಕ್ತ ಒಂಬತ್ತೂವರೆಗೆ ಏರಿತು. ಔಷಧ ಏರಿಸಿತೋ ಪಲ್ಲೆ ಏರಿಸಿತೋ ದೇವರೇ ಬಲ್ಲ. "ಹಿಂಗ ನಡಸ್ರಿ" ಎಂದರು ಡಾಕ್ಟರು. ಸಗೀರಾ ಚೀಟಿಯನ್ನು ಎರಡು ಸಲ ಓದಿ ಕೂಸಿನ ಕೆನ್ನೆ ಕಚ್ಚಿದಳು.

ಆ ವಾರವೇ ಶಮ್ಶುನ್ನೀಸಾ ವಾಪಸು ಬಂದಳು. ಎಂದಿನಂತೆ ಗಂಡನಿಗೆ ಬಡಿಸಿದಳು. ಅವನು ಎದ್ದ ಮೇಲೆ ಅದೇ ತಾಟಿನ ಮುಂದೆ ಕೂತಳು. ಕೂತವಳು ತಾಟು ಹಿಡಿದುಕೊಂಡೇ ಒಲೆಯ ಕಡೆ ಬಂದಳು.

"ಸಗೀರಾ, ಇದರಾಗ ಏನೂ ಉಳದಿಲ್ಲ. ಇವರಿಗೆ ಆರಾಮ ಐತಿಲ್ಲೋ?"

ಸಗೀರಾ ನಡೆದದ್ದನ್ನೆಲ್ಲ ಹೇಳಿದಳು. ಬೈಗುಳಕ್ಕೆ ತಯಾರಾಗಿಯೇ ಹೇಳಿದಳು. ಶಮ್ಶುನ್ನೀಸಾ ಬೈಯಲಿಲ್ಲ. ಗೋಡೆಗೆ ಒರಗಿ ಕೂತು ಖಾಲಿ ತಾಟನ್ನು ನೋಡಿದಳು.

"ತಿನ್ರಿ ಅಂದ್ರ ತಿಂದ್ರ?"

"ಹೌದ್ರಿ ಅಮ್ಮಾ."

"ನಲವತ್ತ ವರ್ಷ ಆತು. ಅನ್ನ ಚೆಲ್ಲಬಾರದಂತ ನಾ ತಿನಕೋತ ಬಂದೆ. ತಿನ್ರಿ ಅಂತ ನಾ ಒಮ್ಮೆನೂ ಅನಲಿಲ್ಲ ನೋಡು." ದನಿ ತಗ್ಗಿಸಿ ಅಂದಳು, "ಬದನಿಕಾಯಿ ನನಗೂ ಸೇರೂದಿಲ್ಲವಾ."

ಸಗೀರಾಳ ಸಿಟ್ಟೆಲ್ಲ ಇಳಿದುಹೋಯಿತು. ಅತ್ತೆಯ ಕೈಯಿಂದ ಆ ತಾಟು ತೆಗೆದುಕೊಂಡು, ಬೇರೆ ತಾಟು ತೊಳೆದು ಮುಂದಿಟ್ಟಳು.

"ನಿಮಗ ಏನು ಸೇರತೈತಿ ಹೇಳ್ರಿ ಅಮ್ಮಾ, ಅದನ್ನ ಮಾಡ್ತೇನಿ."

ಶಮ್ಶುನ್ನೀಸಾ ಬಹಳ ಹೊತ್ತು ನೆನಪು ಮಾಡಿಕೊಳ್ಳಲು ನೋಡಿದಳು. ಏನೂ ನೆನಪಿಗೆ ಬರಲಿಲ್ಲ.